ವಸಂತಣ್ಣ ಎಥನಾಲ್ ಕಾರು ಕಟ್ಟಿದ ಚಳಿಗಾಲ

ಹೋದ ತಿಂಗಳು ಇಲ್ಲಿ ಕತಾರಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಯ ಹಿಂದಿನ ಬೀದಿಯ ಕ್ಲಿನಿಕ್ಕಿಗೆ ರಕ್ತ ಪರೀಕ್ಷೆಗೆಂದು ಹೋಗಿದ್ದೆ. ಸೂಜಿ ಚುಚ್ಚುವ ಮುಂಚೆ ನರ್ಸ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಚರ್ಮ ತಣ್ಣಗಾಯಿತು. ಮರುಕ್ಷಣವೇ ಆ ಸಿಹಿ ಕಲೆತ ಘಾಟು ಮೂಗಿಗೆ ಬಂತು. ನನಗೆ ಗೊತ್ತಿಲ್ಲದೆಯೇ ಕೈ ಹಿಂದಕ್ಕೆ ಎಳೆದುಕೊಂಡಿದ್ದೆ. ಸೂಜಿಗೆ ಹೆದರಿಕೆಯಾ ಎಂದು ನರ್ಸ್ ನಕ್ಕಳು. ಹೆದರಿಕೆ ಸೂಜಿಯದ್ದಲ್ಲ ಎಂದು ಅವಳಿಗೆ ಹೇಗೆ ವಿವರಿಸುವುದು? ಒಂದು ಮುಚ್ಚಿದ ಶೆಡ್ಡು, ಹೊರಗೆ ಧೂಳಿನ ಗಾಳಿ, ಕಾರಿನ ಹಿಂಬದಿಗೆ ಬಗ್ಗಿ ನಿಂತ ವಸಂತಣ್ಣ, ಅವರ ಕೈಯಲ್ಲಿ ಬಿಸಿಗಾಳಿ ಊದುವ ಗನ್ನು. ಇಷ್ಟೂ ಒಂದೇ ಸಲಕ್ಕೆ ಕಣ್ಣೆದುರು ಬಂದು ನಿಂತಿದ್ದವು.

ಆಗ ನಾನು ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದೆ. ಸಾಧಾರಣ ಗ್ಯಾರೇಜಲ್ಲ. ಜೋರಾಗಿ ಓಡುವ ಕಾರುಗಳನ್ನು ಇನ್ನೂ ಜೋರಾಗಿ ಓಡುವಂತೆ ಮಾಡಿಕೊಡುವ ಜಾಗ. ಗಿರಾಕಿಗಳ ಫೋನು ಎತ್ತುವುದು, ಬಿಡಿಭಾಗ ತರಿಸುವುದು, ಅವು ಬಾರದಿದ್ದಾಗ ಕೊರಿಯರಿನವರ ಹತ್ತಿರ ಜಗಳ ಮಾಡುವುದು ನನ್ನ ಕೆಲಸ. ಶಿರ್ವದ ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬಳು ಟರ್ಬೊ, ಇಂಜೆಕ್ಟರ್ ಎಂದು ಫೋನಿನಲ್ಲಿ ಮಾತಾಡುವುದನ್ನು ಕೇಳಿ ನನ್ನ ಗಂಡ ವಾಲ್ಟರ್ ಆಗಾಗ ತಮಾಷೆ ಮಾಡುವುದಿತ್ತು. ಯಜಮಾನ ಅಬು ಸಾಮಿ ಲೆಬನಾನಿನವರು. ಲ್ಯಾಪ್‌ಟಾಪು ಹಿಡಿದು ಎಂಜಿನ್ನಿನ ಕಂಪ್ಯೂಟರನ್ನು ಹದಕ್ಕೆ ತರುವುದು ಅವರೇ. ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಲೂ ಇತ್ತು.

ವಸಂತಣ್ಣ ಅಲ್ಲಿನ ಹಿರಿಯ ಮೆಕ್ಯಾನಿಕ್. ಕಿನ್ನಿಗೋಳಿಯ ಹತ್ತಿರದವರು. ಐವತ್ತು ದಾಟಿದ ಸಣಕಲು ಮನುಷ್ಯ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಇಂಧನ ಹೋಗುವ ದಾರಿ ಪೂರ್ತಿ ಅವರ ಪಾಲಿನದ್ದು. ಪಂಪು, ಪೈಪು, ಫಿಲ್ಟರು, ಇಂಜೆಕ್ಟರು, ಇವನ್ನು ಬೇರೆಯವರು ಮುಟ್ಟಿದರೆ ಅವರಿಗೆ ಸಮಾಧಾನವಿಲ್ಲ. ನಾವಿಬ್ಬರೂ ತುಳುವಿನಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಊರಿನ ಹಿಂದೂಗಳು ನಮ್ಮ ಹೆಂಗಸರನ್ನು ಕರೆಯುವ ಹಾಗೆಯೇ ಅವರು ನನ್ನನ್ನು "ಬಾಯಿ" ಎಂದು ಕರೆಯುತ್ತಿದ್ದರು. ನೆನಪಿನಲ್ಲಿರುವ ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮುಖದ ಮಾಸ್ಕುಗಳೆಲ್ಲ ಹೋಗಿ ಒಂದು ವರ್ಷ ಕಳೆದಿದ್ದ ಚಳಿಗಾಲ ಅದು. ಅಕ್ಟೋಬರ್ ಮುಗಿಯುತ್ತ ಬಂದರೂ ಸೆಕೆ ಬಿಟ್ಟಿರಲಿಲ್ಲ. ಕಂಪೆನಿ ಬಸ್ಸುಗಳಲ್ಲಿ ಕೆಲಸಗಾರರು ಕಿಟಕಿಗೆ ಟವೆಲು ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತ ಹೋಗುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಹಮದ್ ಎಂಬ ಕತಾರಿ ಹುಡುಗ ತನ್ನ ಕಾರು ತಂದು ನಿಲ್ಲಿಸಿದ. ಎರಡೇ ಬಾಗಿಲಿನ ಜಪಾನೀ ಕಾರು, ಬೂದು ಬಣ್ಣದ್ದು. ಇಂಜಿನಿಯರಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವನದು ಮೆಲ್ಲಗಿನ ಮಾತು. ಜನವರಿಯಲ್ಲಿ ನೇರ ಹಾದಿಯ ಓಟದ ಪಂದ್ಯಕ್ಕೆ ಇಳಿಯುವ ಆಸೆ. ಅದಕ್ಕಾಗಿ ಕಾರು ಪೆಟ್ರೋಲ್ ಬಿಟ್ಟು ಎಥನಾಲಿನಲ್ಲಿ ಓಡಬೇಕು.

ಎಥನಾಲ್ ಎಂದರೆ ಸ್ಪಿರಿಟ್. ಅದಕ್ಕೆ ಸ್ವಲ್ಪ ಪೆಟ್ರೋಲ್ ಬೆರೆಸಿರುತ್ತಾರೆ. ಇಲ್ಲಿನ ಪಂಪುಗಳಲ್ಲಿ ಸಿಗುವುದಿಲ್ಲ, ಡ್ರಮ್ಮುಗಳಲ್ಲಿ ಹೊರಗಿನಿಂದ ಬರುತ್ತದೆ. ಎಂಜಿನ್ನನ್ನು ತಂಪಾಗಿಡುತ್ತದೆ, ಹೆಚ್ಚು ಬಲ ತೆಗೆಯಬಹುದು. ಆದರೆ ಪೆಟ್ರೋಲಿಗಿಂತ ಬಹಳ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಪಂಪು ದೊಡ್ಡದಾಗಬೇಕು, ಇಂಜೆಕ್ಟರ್ ದೊಡ್ಡದಾಗಬೇಕು, ಪೈಪು ಅಗಲವಾಗಬೇಕು. ಮಾಮೂಲಿ ರಬ್ಬರು ಅದಕ್ಕೆ ತಡೆಯುವುದಿಲ್ಲ, ಊದಿ ಮೆತ್ತಗಾಗುತ್ತದೆ. ಒಳಗೆ ಟೆಫ್ಲಾನ್, ಹೊರಗೆ ಸ್ಟೀಲಿನ ಹೆಣಿಗೆ ಇರುವ ಪೈಪು ಹಾಕಬೇಕು. ಟ್ಯಾಂಕಿನಲ್ಲಿ ಸ್ಪಿರಿಟ್ ಎಷ್ಟು, ಪೆಟ್ರೋಲ್ ಎಷ್ಟು ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಒಂದನ್ನು ನಡುವೆ ಕೂರಿಸಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ವಸಂತಣ್ಣ. ಬಿಡಿಭಾಗ ತರಿಸುವವಳಿಗೆ ಯಾವುದು ಯಾತಕ್ಕೆಂದು ಗೊತ್ತಿರಬೇಕು ಎನ್ನುವುದು ಅವರ ವಾದ.

ಹಮದನ ಕಾರು ಬಂದ ವಾರವೇ ಆಫೀಸಿಗೆ ಒಬ್ಬ ಹೆಂಗಸಿನ ಫೋನು ಬಂತು. ಹಮದನ ತಾಯಿ. ಅದೇ ಅರ್ಥದ ಉಮ್ ಹಮದ್ ಎಂಬ ಹೆಸರಿನಿಂದಲೇ ಕರೆಯಲು ಹೇಳಿದರು. ಇಂಗ್ಲಿಷಿಗೆ ಹಿಂದಿ ಬೆರೆಸಿ ಮಾತಾಡುತ್ತಿದ್ದರು. ಮಗನಿಗೆ ತಿಳಿಯದಂತೆ ಮಾಡಿದ ಫೋನದು.

"ಈ ತೈಲಕ್ಕೆ ಬೆಂಕಿ ಹಿಡಿದರೆ ಕಣ್ಣಿಗೆ ಕಾಣುವುದಿಲ್ಲವಂತೆ. ವಿಡಿಯೋದಲ್ಲಿ ನೋಡಿದೆ. ನಿಜವಾ?"

ನಾನು ಫೋನು ಹಿಡಿದುಕೊಂಡೇ ಹೊರಗೆ ಹೋಗಿ ವಸಂತಣ್ಣನನ್ನು ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು. "ಹಗಲು ಬೆಳಕಲ್ಲಿ ಕಾಣುದು ಕಷ್ಟ ಬಾಯಿ. ಅವರಿಗೆ ಸುಳ್ಳು ಹೇಳ್ಬೇಡಿ. ಆದ್ರೆ ಲೀಕ್ ಇಲ್ಲದೆ ಬೆಂಕಿ ಇಲ್ಲ. ಲೀಕ್ ಆಗದ ಹಾಗೆ ನಾನು ನೋಡಿಕೊಳ್ತೇನೆ ಅಂತ ಹೇಳಿ."

ಹಾಗೆಯೇ ಹೇಳಿದೆ.  ಆಮೇಲೆ ಅವರು ಕೇಳಿದರು: "ಆ ಮನುಷ್ಯ ಒಳ್ಳೆಯವನಾ? ನೀನೂ ಹೆಂಗಸು. ನನಗೆ ನೇರ ಹೇಳು."

"ಈ ಕೆಲಸಕ್ಕೆ ಅವರಿಗಿಂತ ಒಳ್ಳೆಯವರನ್ನು ನಾನು ನೋಡಿಲ್ಲ" ಎಂದೆ. ಮನಸ್ಸಾರೆ ಹೇಳಿದ ಮಾತದು.

ನವೆಂಬರ್ ಪೂರ್ತಿ ಆ ಕಾರು ಲಿಫ್ಟಿನ ಮೇಲಿತ್ತು. ಟ್ಯಾಂಕು ಇಳಿಸಿದರು, ಹಳೆಯ ಪೈಪುಗಳನ್ನೆಲ್ಲ ಕಿತ್ತು ಹಾಕಿದರು. ವಸಂತಣ್ಣ ಹೊಸ ಪೈಪನ್ನು ಕತ್ತರಿಸುವ ಮೊದಲು ಅದನ್ನು ಕಾರಿನ ಹೊಟ್ಟೆಯ ಉದ್ದಕ್ಕೂ ಹಿಡಿದು, ಎಲ್ಲಿ ಬಾಗುತ್ತದೆ, ಎಲ್ಲಿ ಉಜ್ಜುತ್ತದೆ, ಎಲ್ಲಿ ಸೈಲೆನ್ಸರಿನ ಬಿಸಿ ತಾಗುತ್ತದೆ ಎಂದು ನೋಡುತ್ತ ಬಹಳ ಹೊತ್ತು ನಿಲ್ಲುತ್ತಿದ್ದರು. ಅವಸರ ಎಂಬುದೇ ಇರಲಿಲ್ಲ. ಅಬು ಸಾಮಿ "ಯಲ್ಲಾ ವಸಂತ್, ಯಲ್ಲಾ" ಎಂದು ಆತುರಪಡಿಸಿದರೆ ತಲೆ ಮಾತ್ರ ಅಲ್ಲಾಡಿಸುತ್ತಿದ್ದರು. ಅಷ್ಟರಲ್ಲಿ ಸೆಕೆ ಇಳಿದಿತ್ತು. ಬೆಳಿಗ್ಗೆ ಮಂಜು ಬಿದ್ದು ರಸ್ತೆಯ ಆಚೆಗಿನ ಗೋದಾಮು ಕಾಣಿಸುತ್ತಿರಲಿಲ್ಲ. ಶೆಡ್ಡಿನ ದೊಡ್ಡ ಬಾಗಿಲುಗಳನ್ನು ದಿನವಿಡೀ ತೆರೆದಿಟ್ಟು ಕೆಲಸ ಮಾಡುವಂಥ ಹವೆ.

ಡಿಸೆಂಬರಿನ ಆರಂಭದಲ್ಲಿ ಉತ್ತರದ ಗಾಳಿ ಎದ್ದಿತು. ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಧೂಳು ಒಳಗೆ ಬಂದರೆ ಬಿಚ್ಚಿಟ್ಟ ಎಂಜಿನ್ನುಗಳಿಗೆ ಕೇಡೆಂದು ಅಬು ಸಾಮಿ ಬಾಗಿಲು ಹಾಕಿಸಿದರು. ಹಮದನ ಕಾರಿನ ಪೈಪುಗಳ ಜೋಡಣೆ ಮುಗಿದು, ಹಿಂದಿನ ದಿನವಷ್ಟೇ ಮೊದಲ ಬಾರಿಗೆ ಎಥನಾಲ್ ತುಂಬಿ ಪಂಪು ಓಡಿಸಿ ನೋಡಿದ್ದರು. ಆ ಮಧ್ಯಾಹ್ನ ಅವರು ನಮಾಜಿಗೆ ಹೋಗಿದ್ದರು. ಉಳಿದವರು ಊಟಕ್ಕೆ. ಇನ್ನೊಂದು ಕಾರಿನ ಫಿಲ್ಟರು ಬಂದಿದೆ ಎಂದು ಹೇಳಲು ನಾನು ಆಫೀಸಿನ ಬಾಗಿಲು ತೆರೆದು ಶೆಡ್ಡಿಗೆ ಕಾಲಿಟ್ಟೆ.

ಘಾಟು ಮುಖಕ್ಕೆ ಹೊಡೆಯಿತು. ಕಣ್ಣು ಉರಿಯುವಷ್ಟು. ವಸಂತಣ್ಣ ಕಾರಿನ ಹಿಂದಿನ ಸೀಟು ತೆಗೆದಿದ್ದ ಜಾಗಕ್ಕೆ ತಲೆ ಹಾಕಿ, ಸೆನ್ಸರಿನ ವಯರುಗಳಿಗೆ ಹಾಕಿದ ಕೊಳವೆಯನ್ನು ಬಿಸಿ ಮಾಡಿ ಕುಗ್ಗಿಸಲು ಬಿಸಿಗಾಳಿಯ ಗನ್ನನ್ನು ಕೈಗೆತ್ತಿಕೊಂಡಿದ್ದರು. ಬೆರಳು ಸ್ವಿಚ್ಚಿನ ಮೇಲಿತ್ತು.

"ವಸಂತಣ್ಣಾ, ಬೇಡ! ಒತ್ಬೇಡಿ!"

ನಾನು ಹಾಗೆ ಕಿರುಚಿದ್ದನ್ನು ಅವರು ಅದುವರೆಗೆ ಕೇಳಿರಲಿಲ್ಲ. ಗನ್ನು ಕೆಳಗಿಟ್ಟು ತಲೆ ಹೊರಗೆ ತೆಗೆದರು.

"ಎಂತ ಆಯ್ತು ಬಾಯಿ?"

"ಎಂತ ಆಯ್ತಾ? ಇಷ್ಟು ವಾಸನೆ ಬರ್ತಾ ಉಂಟು, ನಿಮಗೆ ಗೊತ್ತಾಗುದಿಲ್ವಾ?"

ಅವರು ನನ್ನ ಮುಖ ನೋಡಿದರು. ಆಮೇಲೆ ಸುತ್ತ ಗಾಳಿಯನ್ನು ನೋಡಿದರು, ಅಲ್ಲಿ ಏನೋ ಕಣ್ಣಿಗೆ ಕಾಣುತ್ತದೆ ಎನ್ನುವ ಹಾಗೆ.  ಪ್ಲಗ್ಗು ಕಿತ್ತರೆ ಕಿಡಿ ಹಾರೀತೆಂದು ಒಳಗೆ ಏನನ್ನೂ ಕೀಳದೆ, ಗನ್ನನ್ನು ಅದರ ಉದ್ದ ವಯರಿನ ಸಮೇತ ಅಂಗಳಕ್ಕೆ ಒಯ್ದು ಅಲ್ಲಿ ಬಿಡಿಸಿದರು. ಬಂದು ಶೆಡ್ಡಿನ ಎರಡೂ ಬಾಗಿಲುಗಳನ್ನು ಕೈಯಿಂದ ತಳ್ಳಿ ತೆರೆದರು. ಧೂಳು ಒಳನುಗ್ಗಿತು. ನಾವಿಬ್ಬರೂ ಹೊರಗೆ ಗೋಡೆಯ ಮರೆಯಲ್ಲಿ ನಿಂತೆವು. 

"ನನಗೆ ವಾಸನೆ ಇಲ್ಲ" ಎಂದರು.

"ಶೀತವಾ?"

"ಅಲ್ಲ. ಆ ಜ್ವರ ಬಂದಿತ್ತಲ್ಲ, ಇಲ್ಲಿ ರಸ್ತೆಗಳನ್ನೆಲ್ಲ ಮುಚ್ಚಿದ್ದಾಗ. ಆಗ ಹೋದದ್ದು. ವಾಪಸ್ ಬರಲೇ ಇಲ್ಲ."

ವರ್ಷಗಳೇ ಕಳೆದಿದ್ದವು. ನಾನು ದಿನವೂ ಅವರ ಎದುರು ಕೂತು ಊಟ ಮಾಡಿದ್ದೇನೆ. ನನ್ನ ಡಬ್ಬಿಯ ಬಂಗುಡೆ ಸಾರನ್ನು ಅವರಿಗೆ ಬಡಿಸಿದ್ದೇನೆ. ಚೆಂದ ಉಂಟು ಬಾಯಿ, ಎಂದು ಉಂಡಿದ್ದಾರೆ.

"ಇಷ್ಟು ದಿನ ಹೇಗೆ ಕೆಲಸ ಮಾಡಿದ್ರಿ?"

"ಪೆಟ್ರೋಲ್ ಆದ್ರೆ ಕಣ್ಣಿಗೆ ಕಾಣ್ತದೆ. ಜಿನುಗಿದಲ್ಲಿ ಕಲೆ ಬೀಳ್ತದೆ, ಧೂಳು ಕೂರ್ತದೆ. ಬೆರಳಲ್ಲಿ ಮುಟ್ಟಿದ್ರೆ ಜಿಡ್ಡು ಗೊತ್ತಾಗ್ತದೆ. ಪ್ರತಿ ಜಾಯಿಂಟಿಗೆ ಟಿಶ್ಯೂ ಸುತ್ತಿ ನೋಡ್ತಿದ್ದೆ. ಇದು ಹಾಗಲ್ಲ, ಕೂಡಲೇ ಆರಿ ಹೋಗ್ತದೆ. ಇದು ಬಂದದ್ದು ಸಹ ಗೊತ್ತಿಲ್ಲ, ಹೋದದ್ದು ಸಹ ಗೊತ್ತಿಲ್ಲ. ಈಗ ಸಹ ಟಿಶ್ಯೂ ಒಣಗಿಯೇ ಇತ್ತು."

ಆ ಟಿಶ್ಯೂವನ್ನು ಕಿಸೆಯಿಂದ ತೆಗೆದು ತೋರಿಸಿದರು. ಬೆಳ್ಳಗೆ, ಒಣಗಿ, ಗರಿಗರಿಯಾಗಿತ್ತು.

ಅಬು ಸಾಮಿಗೆ ಹೇಳಬೇಕು ಎಂದೆ. ಹೇಳ್ತೇನೆ ಎಂದರು. ಆದರೆ ಈ ಕಾರು ಮುಗಿಸಿ ಹೇಳುತ್ತೇನೆ, ಅರ್ಧಕ್ಕೆ ಬಿಟ್ಟರೆ ಬೇರೆಯವರಿಗೆ ಎಲ್ಲಿ ಏನು ಹಾಕಿದ್ದೇನೆಂದು ತಿಳಿಯುವುದಿಲ್ಲ ಎಂಬುದು ಅವರ ಮಾತು. "ಮಗಳದ್ದು ನರ್ಸಿಂಗ್ ಕೊನೇ ವರ್ಷ. ಅದೊಂದು ಆಗಲಿ ಅಂತ ಇಷ್ಟು ದಿನ ತಳ್ಳಿಕೊಂಡು ಬಂದೆ. ಪೆಟ್ರೋಲ್ ಕೆಲಸದವನಿಗೆ ಮೂಗಿಲ್ಲ ಅಂದ್ರೆ ಯಾರು ಇಟ್ಟುಕೊಳ್ತಾರೆ, ನೀವೇ ಹೇಳಿ." ಆಮೇಲೆ, "ಅಲ್ಲಿವರೆಗೆ ನೀವು ಬಂದು ವಾಸನೆ ನೋಡ್ತೀರಾ?" ಎಂದರು.

ಆ ಪ್ರಶ್ನೆ ಕೇಳುವಾಗ ಅವರು ನನ್ನನ್ನು ನೋಡದೆ ರಸ್ತೆಯನ್ನು ನೋಡುತ್ತಿದ್ದರು. ನಾನು ಹೂಂ ಎಂದೆ.

ಹಾಗೆ ಶುರುವಾಯಿತು. ಜಿನುಗುತ್ತಿದ್ದದ್ದು ಟ್ಯಾಂಕಿನ ಹಿಂದಿನ ಒಂದು ಜಾಯಿಂಟು. ಅದನ್ನು ನಾನು ಮೂಗಿನಿಂದ ಹುಡುಕಿದೆ, ಅವರು ಬಿಚ್ಚಿ ಮತ್ತೆ ಹೊಸದಾಗಿ ಕೂರಿಸಿದರು. ಅಲ್ಲಿಂದ ಮುಂದೆ ಎಲ್ಲರೂ ಊಟಕ್ಕೆ ಹೋದ ಹೊತ್ತಿಗೆ ನಾನು ಬಂದು ಕಾರಿನ ಸುತ್ತ ಒಂದು ಸುತ್ತು ಬರುತ್ತಿದ್ದೆ. ಟ್ಯಾಂಕಿನ ಬಾಯಿ, ಫಿಲ್ಟರು, ಸೆನ್ಸರು, ಎಂಜಿನ್ನಿನ ಮೇಲಿನ ಇಂಜೆಕ್ಟರುಗಳ ಸಾಲು. ಒಂದೊಂದರ ಹತ್ತಿರವೂ ಬಗ್ಗಿ ಮೂಸುತ್ತಿದ್ದೆ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಡಾಕ್ಟರ್ ಮಗುವಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟಾಗ ತಂದೆ ತಾಯಿ ನೋಡುವಂಥ ನೋಟ.

"ಇಲ್ಲ" ಎಂದರೆ ಅವರ ಭುಜ ಇಳಿಯುತ್ತಿತ್ತು.

ಆ ದಿನಗಳಲ್ಲೇ ಅವರು ನನ್ನಲ್ಲಿ ಬೇರೆ ಸಂಗತಿಗಳನ್ನೂ ಕೇಳತೊಡಗಿದ್ದು. ಒಂದು ಸಲ ಮಳೆ ಬಂತು. ಇಲ್ಲಿ ಮಳೆ ಎಂದರೆ ಅಪರೂಪ. ಇಂಡಸ್ಟ್ರಿಯಲ್ ಏರಿಯಾದ ಓಣಿಗಳಲ್ಲಿ ನೀರು ನಿಂತು ಲಾರಿಗಳು ಹೂತವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಸಂತಣ್ಣ, "ಈಗ ಮಣ್ಣಿನ ವಾಸನೆ ಉಂಟಾ ಬಾಯಿ?" ಎಂದರು.

"ಉಂಟು. ಆದ್ರೆ ಊರಿನ ಹಾಗಲ್ಲ. ಸಿಮೆಂಟು, ಡೀಸೆಲು ಎಲ್ಲ ಸೇರಿದ ಹಾಗೆ."

"ಅದಾದ್ರೂ ಬಂದಿದ್ರೆ ಸಾಕಿತ್ತು" ಎಂದರು. ಆಮೇಲೆ ಬೆನ್ನು ತಿರುಗಿಸಿ ಕೆಲಸಕ್ಕೆ ಹೋದರು.

ಊಟ ಅವರಿಗೆ ಬಿಸಿ, ತಣ್ಣಗೆ, ಉಪ್ಪು, ಹುಳಿ, ಖಾರ ಮಾತ್ರವಾಗಿತ್ತು. ಮಗಳು ಹುಟ್ಟಿದಾಗ ತಲೆಯಿಂದ ಬರುತ್ತಿದ್ದ ಎಣ್ಣೆಯ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಅದೂ ಆಗುವುದಿಲ್ಲ ಎಂದು ಒಂದು ದಿನ ಹೇಳಿದರು. ಬೆವರಿನ ವಾಸನೆ ಬರುತ್ತಿದೆಯೋ ಎಂಬ ಅನುಮಾನಕ್ಕೆ ಅಂಗಿ ದಿನಕ್ಕೆರಡು ಸಲ ಬದಲಿಸುತ್ತಿದ್ದರಂತೆ. ರೂಮಿನವರಿಗೂ ಹೇಳಿರಲಿಲ್ಲ, ಹೆಂಡತಿ ಸುಮತಿಗೂ ಹೇಳಿರಲಿಲ್ಲ. ಎರಡು ಸಲ ರಜೆಯಲ್ಲಿ ಊರಿಗೆ ಹೋಗಿ ಬಂದಿದ್ದರು, ಆಗಲೂ ಇಲ್ಲ.

ಕ್ರಿಸ್ಮಸ್ಸಿಗೆ ಕೆಲವೇ ದಿನಗಳಿದ್ದವು. ಅಬು ಸಾಮಿ ಲ್ಯಾಪ್‌ಟಾಪು ಹಿಡಿದು ಕಾರಿನ ಲೆಕ್ಕಾಚಾರ ಮುಗಿಸುತ್ತಿದ್ದರು. ಎಂಜಿನ್ನು ಈಗ ಬೇರೆಯೇ ಸದ್ದು ಮಾಡುತ್ತಿತ್ತು, ತುಂಬಿದ ಗಂಟಲಿನ ಸದ್ದು. ಒಂದು ಸಂಜೆ ವಸಂತಣ್ಣ ಚಹಾ ಕುಡಿಯಲು ಆಫೀಸಿಗೆ ಬಂದಿದ್ದಾಗ ಫೋನು ಬಂತು. ಉಮ್ ಹಮದ್.

"ನಾಳಿದ್ದು ಕಾರು ಕೊಡುತ್ತಾರೆಂದು ಹಮದ್ ಹೇಳಿದ. ನಿನ್ನ ಆ ಮನುಷ್ಯ ಎಲ್ಲ ನೋಡಿದ್ದಾನಾ?"

"ನೋಡಿದ್ದಾರೆ. ಪ್ರತಿಯೊಂದು ಜಾಯಿಂಟನ್ನೂ."

"ಹೇಗೆ ನೋಡುತ್ತಾನೆ? ಬೆಂಕಿಯೇ ಕಾಣುವುದಿಲ್ಲವಾದರೆ ಸೋರುವುದು ಹೇಗೆ ಕಾಣುತ್ತದೆ?"

ತಾಯಿ ಕೇಳಬೇಕಾದ ಪ್ರಶ್ನೆಯೇ ಅದು. ವಾಸನೆಯಿಂದ ಎಂದು ಹೇಳಬೇಕು, ಆದರೆ ಯಾರ ಮೂಗು ಎಂದು ಹೇಳುವುದು ಹೇಗೆ?  ವಸಂತಣ್ಣ ಲೋಟವನ್ನು ಮೇಜಿನ ಮೇಲಿಟ್ಟು ಕೈ ಚಾಚಿದರು.

"ಕೊಡಿ ಇಲ್ಲಿ."

ಇಷ್ಟು ವರ್ಷ ಇಲ್ಲಿದ್ದುದರಿಂದ ಅವರಿಗೆ ಅರಬ್ಬಿ ಬರುತ್ತಿತ್ತು, ಅಂಗಡಿ ಗ್ಯಾರೇಜುಗಳಲ್ಲಿ ಆಡುವ ಅರಬ್ಬಿ. ನನಗೂ ಅರ್ಥವಾಗುವಷ್ಟು ನಿಧಾನವಾಗಿ ಮಾತಾಡಿದರು. ಮಾಮಾ ಎಂದರೆ ಇಲ್ಲಿ ಅಮ್ಮ.

"ಮಾಮಾ, ನಾನು ವಸಂತ್. ನಿಮ್ಮ ಮಗನ ಕಾರಿನ ಕೆಲಸ ಮಾಡಿದವನು. ನನಗೆ ವಾಸನೆ ತಿಳಿಯುವುದಿಲ್ಲ. ಜ್ವರ ಬಂದ ಮೇಲೆ ಹೋಯಿತು. ಮೂಗು ಮಾಫಿ, ಇಲ್ಲವೇ ಇಲ್ಲ. ಒಂದು ಜಾಯಿಂಟು ಸೋರುತ್ತಿತ್ತು, ನನಗೆ ಗೊತ್ತಾಗಲಿಲ್ಲ, ಈ ಹೆಂಗಸಿಗೆ ಗೊತ್ತಾಯಿತು. ಆಮೇಲೆ ದಿನವೂ ಇವರೇ ನೋಡಿದ್ದಾರೆ. ಈಗ ಕಾರು ಸರಿಯಾಗಿದೆ. ಆದರೂ ಬೇರೆ ಮೆಕ್ಯಾನಿಕ್ಕಿನಿಂದ ಇನ್ನೊಂದು ಸಲ ನೋಡಿಸದೆ ಮಗನನ್ನು ಕೂರಿಸಬೇಡಿ."

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಇವರು "ಇಲ್ಲ, ಯಜಮಾನರಿಗೆ ಗೊತ್ತಿಲ್ಲ. ಈಗ ಹೇಳುತ್ತೇನೆ, ಈಗಲೇ" ಎಂದರು. ಫೋನು ನನ್ನ ಕೈಗೆ ಕೊಟ್ಟು ಹೊರಗೆ ನಡೆದರು. ಅವರ ಚಹಾ ಅರ್ಧ ಹಾಗೆಯೇ ಉಳಿಯಿತು.

ಗಾಜಿನ ಆಚೆಗೆ ಅವರು ಅಬು ಸಾಮಿಯ ಎದುರು ನಿಂತು ಮಾತಾಡುವುದು ಕಾಣುತ್ತಿತ್ತು. ಅಬು ಸಾಮಿ ಕೂಗಾಡುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಕೂಗಲಿಲ್ಲ. ಲ್ಯಾಪ್‌ಟಾಪು ಮುಚ್ಚಿ, ಟೈರಿನ ಮೇಲೆ ಕೂತುಬಿಟ್ಟರು. ಬಹಳ ಹೊತ್ತಿನ ಮೇಲೆ ಆಫೀಸಿಗೆ ಬಂದು, "ನಿನಗೂ ಗೊತ್ತಿತ್ತು" ಎಂದರು. ಹೌದು ಎಂದೆ. "ಈ ಶೆಡ್ಡಿನಲ್ಲಿ ಎಷ್ಟು ಜನ ಇದ್ದಾರೆ, ಗೊತ್ತಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದರು. ಆ ಮಾತು ಸರಿಯಾಗಿತ್ತು. 

ಮರುದಿನ ಬೆಳಿಗ್ಗೆ ಎಲ್ಲರ ಎದುರು ಅಬು ಸಾಮಿ ವಸಂತಣ್ಣನಿಗೆ ಹೇಳಿದರು: "ಇಂಧನದ ಕೆಲಸ ಖಲಾಸ್. ಇವತ್ತಿನಿಂದ ನೀನು ಬ್ರೇಕಿನ ಕಡೆ." ಕೆಲಸದಿಂದ ತೆಗೆಯಲಿಲ್ಲ. ಪರಿಚಯದ ಇನ್ನೊಂದು ಗ್ಯಾರೇಜಿನಿಂದ ಬೇರೆ ಮೆಕ್ಯಾನಿಕ್ಕನ್ನು ಕರೆಸಿ ಹಮದನ ಕಾರಿನ ಪ್ರತಿ ಜಾಯಿಂಟನ್ನೂ ಬಿಚ್ಚಿಸಿ ನೋಡಿಸಿದರು. ಎಲ್ಲವೂ ಸರಿಯಾಗಿತ್ತು. ಆಮೇಲೆ ವಸಂತಣ್ಣ ಜ್ವರದ ನಂತರ ಮುಟ್ಟಿದ ಎಲ್ಲ ಕಾರುಗಳನ್ನೂ ವಾಪಸ್ ಕರೆಸಲು ನನಗೆ ಹೇಳಿದರು. ಜನವರಿಯ ಮೊದಲ ವಾರಗಳೆಲ್ಲ ನಾನು ಮಾಡಿದ್ದು ಅದೊಂದೇ ಕೆಲಸ, ಗಿರಾಕಿಗಳಿಗೆ ಫೋನು ಮಾಡುವುದು. ಬಂದವುಗಳಲ್ಲಿ ಒಂದೇ ಒಂದು ಕಾರಿನಲ್ಲಿ ಟ್ಯಾಂಕಿನ ಮೇಲಿನ ಪೈಪು ಸಣ್ಣಗೆ ಜಿನುಗುತ್ತಿತ್ತು. ನಡುವೆ ಬೇರೆಯವರೂ ಆ ಕಾರನ್ನು ಬಿಚ್ಚಿದ್ದರು, ಯಾರ ಕೈಯದ್ದೆಂದು ಹೇಳುವ ಹಾಗಿರಲಿಲ್ಲ. ವಸಂತಣ್ಣ ಹತ್ತಿರ ಬಂದು ನೋಡಿ, "ನನ್ನದೇ" ಎಂದರು. ಯಾರೂ ಅವರನ್ನು ಕೇಳಿರಲಿಲ್ಲ.

ಬ್ರೇಕಿನ ವಿಭಾಗ ಶೆಡ್ಡಿನ ಇನ್ನೊಂದು ಮೂಲೆಯಲ್ಲಿತ್ತು. ಅಲ್ಲಿಂದ ಹಳೆಯ ಜಾಗ ಪೂರ್ತಿ ಕಾಣುತ್ತದೆ. ಹೊಸಬ ಕೆಲಸ ಮಾಡುವುದನ್ನು ಅವರು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವನು ಬಂದು ಏನಾದರೂ ಕೇಳಿದರೆ ಮಾತ್ರ ಎದ್ದು ಹೋಗಿ ತೋರಿಸಿಕೊಟ್ಟು ಬರುತ್ತಿದ್ದರು. ಊಟದ ಹೊತ್ತಿನಲ್ಲಿ ಮಾತು ಕಡಿಮೆಯಾಯಿತು. ಒಂದು ದಿನ ನಾನು ತಾಳಲಾರದೆ, ಅವತ್ತು ಫೋನು ಅವರ ಕೈಗೆ ಕೊಡಬಾರದಿತ್ತೇನೋ ಎಂದೆ.

"ಹಾಗೆ ಹೇಳ್ಬೇಡಿ ಬಾಯಿ" ಎಂದರು. "ಆ ಗನ್ನಿನ ಸ್ವಿಚ್ಚು ಈಗ ಸಹ ನನ್ನ ಕನಸಲ್ಲಿ ಬರ್ತದೆ. ಹೇಳಿದ ಮೇಲೆ ಸ್ವಲ್ಪ ನಿದ್ದೆಯಾದ್ರೂ ಬರ್ತಾ ಉಂಟು."

ಜನವರಿಯ ಒಂದು ಶುಕ್ರವಾರ ಹಮದನ ಓಟ. ಅಬು ಹಮೂರ್ ಬಡಾವಣೆಯ ಇಗರ್ಜಿಯಲ್ಲಿ ಪೂಜೆ ಮುಗಿಸಿ, ವಾಲ್ಟರನಿಗೆ ದಾರಿಯಲ್ಲಿ ಇಂಡಸ್ಟ್ರಿಯಲ್ ಏರಿಯಾಕ್ಕೆ ತಿರುಗಿಸಲು ಹೇಳಿ ವಸಂತಣ್ಣನನ್ನೂ ಕಾರಿನಲ್ಲಿ ಕೂರಿಸಿಕೊಂಡೆವು. ಬರುವುದಿಲ್ಲ ಎಂದು ಮೊದಲು ಹೇಳಿದ್ದರು, ನಾವು ಹೋಗುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದರು. ಮೈದಾನದಲ್ಲಿ ಬಿಸಿಲು ಹಿತವಾಗಿತ್ತು, ಗಾಳಿ ತಣ್ಣಗಿತ್ತು. ಬೂದು ಕಾರು ಸರದಿಯಲ್ಲಿ ಬಂದು ನಿಂತಾಗ ವಸಂತಣ್ಣ ಬೇಲಿಯ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಅವರ ಕಣ್ಣು ಇದ್ದದ್ದು ಚಕ್ರದ ಮೇಲಲ್ಲ, ದೀಪದ ಮೇಲಲ್ಲ. ಕಾರಿನ ಹಿಂಭಾಗದಲ್ಲಿ, ಟ್ಯಾಂಕು ಇರುವ ಜಾಗದಲ್ಲಿ. ಹಸಿರು ದೀಪ ಬಿತ್ತು. ಕಾರು ನೆಲವನ್ನೇ ಹರಿದುಕೊಂಡು ಹೋದ ಹಾಗೆ ಹೋಯಿತು, ಎಣಿಸುವಷ್ಟರಲ್ಲಿ ಆ ತುದಿಯಲ್ಲಿ ಚುಕ್ಕೆಯಾಗಿತ್ತು. ಪಕ್ಕದ ಕಾರು ಸ್ವಲ್ಪ ಮುಂದಿತ್ತು. ಹಮದ್ ಸೋತಿದ್ದ. ವಸಂತಣ್ಣ ಅದನ್ನು ಗಮನಿಸಿದರೋ ಇಲ್ಲವೋ ಗೊತ್ತಿಲ್ಲ. ಕಾರು ತಿರುಗಿ ನಿಧಾನವಾಗಿ ವಾಪಸ್ ಬರುವವರೆಗೆ, ಹುಡುಗ ಬಾಗಿಲು ತೆರೆದು ನೆಲಕ್ಕೆ ಕಾಲಿಡುವವರೆಗೆ, ಅವರು ಕಂಬಿ ಬಿಡಲಿಲ್ಲ.

ಕುಟುಂಬದ ಗಾಡಿಗಳು ನಿಲ್ಲುವ ಕಡೆಯಿಂದ ಡ್ರೈವರೊಬ್ಬ ಬಂದು ನಮ್ಮನ್ನು ಕರೆದ. ದೊಡ್ಡ ಬಿಳಿ ಗಾಡಿಯ ಕಿಟಕಿ ಅರ್ಧ ಇಳಿದಿತ್ತು. ಉಮ್ ಹಮದ್ ಅವರನ್ನು ನಾನು ನೋಡಿದ್ದು ಅದೇ ಮೊದಲು. ಕಪ್ಪು ಬಟ್ಟೆಯ ನಡುವೆ ದಣಿದ, ವಯಸ್ಸಾದ ಕಣ್ಣುಗಳು. ವಸಂತಣ್ಣ ದೂರದಲ್ಲೇ ತಲೆ ತಗ್ಗಿಸಿ ನಿಂತರು.

"ವಸಂತ್ ನೀನೇನಾ?"

"ಹೌದು ಮಾಮಾ."

"ನನ್ನ ಮಗನಿಗೆ ಬೇಸರವಾಗಿದೆ, ಸೋತ. ನನಗಿಲ್ಲ. ನೀನು ಹೇಳದೆ ಇರಬಹುದಿತ್ತು, ಹೇಳಿದೆ. ನಿನಗಾಗಿ ಪ್ರಾರ್ಥಿಸುತ್ತೇನೆ." ಆಮೇಲೆ ಕೇಳಿದರು: "ನಿನ್ನ ಹೆಂಡತಿಗೆ ಗೊತ್ತಾ?"

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

"ನನಗೆ ಹೇಳಿದೆ, ಅವಳಿಗೆ ಹೇಳಲಿಲ್ಲವಾ?" ಎಂದರು ಆಕೆ. ಗದರಿಕೆ ಇರಲಿಲ್ಲ, ಆಶ್ಚರ್ಯವಷ್ಟೇ. ಕಿಟಕಿ ಮೇಲೇರಿತು.

ನಾವು ಮೂವರೂ ಕಾರು ನಿಲ್ಲಿಸಿದ್ದ ಜಾಗಕ್ಕೆ ನಡೆದೆವು. ಅಲ್ಲಿ ವಸಂತಣ್ಣ, ಒಂದು ನಿಮಿಷ, ಎಂದು ಹೇಳಿ ಫೋನು ತೆಗೆದು ಸ್ವಲ್ಪ ಆಚೆ ಹೋದರು. ಬಯಲಿನಲ್ಲಿ ಬೆನ್ನು ಹಾಕಿ ನಿಂತು ಮಾತಾಡಿದರು. ನಡುನಡುವೆ ಎಂಜಿನ್ನುಗಳ ಅಬ್ಬರದಲ್ಲಿ ಅವರ ದನಿ ಮುಳುಗುತ್ತಿತ್ತು. ಒಮ್ಮೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು.

"ಅಳ್ತಾ ಇದ್ದಾಳೆ, ಬೈತಾ ಸಹ ಇದ್ದಾಳೆ. ಎರಡು ಸಲ ರಜೆಯಲ್ಲಿ ಬಂದು ನನ್ನ ಸಾರು ಚೆಂದ ಆಗಿದೆ ಅಂತ ಹೇಳಿದ್ದು ಸುಳ್ಳಾ ಅಂತ ಕೇಳ್ತಾಳೆ." ಫೋನನ್ನು ನನ್ನತ್ತ ಚಾಚಿದರು. "ನಿಮ್ಮ ಹತ್ರ ಮಾತಾಡ್ಬೇಕಂತೆ."

ಸುಮತಿಯಕ್ಕನ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬಾಯೀ, ಅವರಿಗೆ ಗ್ಯಾಸಿನ ವಾಸನೆ ಸಹ ಬರುದಿಲ್ವಾ?"

"ಇಲ್ಲ ಅಕ್ಕ."

"ಅನ್ನ ಸೀದು ಹೋದ್ರೆ?"

"ಗೊತ್ತಾಗುದಿಲ್ಲ."

"ರೂಮಲ್ಲಿ ಅಡುಗೆ ಯಾರು ಮಾಡುದು?"

"ಸರದಿ ಅಂತೆ. ಅವರು ಸಹ ಮಾಡ್ತಾರೆ."

ಆಕೆ ಅಳುತ್ತ ಮೂಗೆಳೆದುಕೊಂಡ ಸದ್ದು ಕೇಳಿತು. ಹಿಂದಿನಿಂದ ಯಾರೋ, ಮಗಳೇ ಇರಬೇಕು, ಎಂತಮ್ಮ ಎಂತಮ್ಮ ಎಂದು ಕೇಳುತ್ತಿದ್ದಳು.

"ಹಾಗಾದ್ರೆ ಅವರನ್ನು ಕಳಿಸಿಬಿಡಿ ಬಾಯಿ" ಎಂದರು. "ಮಗಳ ಪರೀಕ್ಷೆ ಮುಗಿಯುವವರೆಗೆ ಇರ್ತೇನೆ ಅಂತ ಹೇಳಿಯಾರು, ನೀವು ಕೇಳ್ಬೇಡಿ. ಇಲ್ಲಿ ನಾನು ಇದ್ದೇನಲ್ಲ, ನಾನು ನೋಡಿಕೊಳ್ತೇನೆ. ಕಳಿಸಿಬಿಡಿ."

ನಾನು ಫೋನು ವಾಪಸ್ ಕೊಟ್ಟೆ. ವಸಂತಣ್ಣ ಅದನ್ನು ಕಿಸೆಗೆ ಹಾಕಿಕೊಂಡು, "ಎಂತ ಹೇಳಿದ್ಳು?" ಎಂದು ಕೇಳಿದರು. ಹೇಳಿದೆ. ಅವರು ಕಾರಿನ ಹಿಂದಿನ ಬಾಗಿಲು ತೆರೆದು ಕೂತರು. ವಾಲ್ಟರ್ ಕಾರು ಹೊರಡಿಸಿದ. ಬಹಳ ದೂರ ಬಂದ ಮೇಲೆ ಹಿಂದಿನಿಂದ ಅವರ ದನಿ ಬಂತು.

"ಮಾರ್ಚಲ್ಲಿ ಪರೀಕ್ಷೆ ಬಾಯಿ. ಅದಕ್ಕಿಂತ ಮೊದಲೇ ಹೋಗ್ತೇನೆ."